ಹುಳುಮನೆಯ ಹೊರಗಿನವಳು

ರಾಯಲ್ಪಾಡು
18 ಜನವರಿ 2024

ಆಶಾರಾಣಿಯವರಿಗೆ ಶಾಮಲಮ್ಮನ ನಮಸ್ಕಾರ.

ನನ್ನ ನೆನಪಿದೆಯೋ ಇಲ್ಲವೋ. ಎರಡು ವರ್ಷದ ಹಿಂದೆ ಡೈರೆಕ್ಟರ್ ಅಮರನಾಥ್ ಅವರ ತಂಡ ಸಿನಿಮಾ ತೆಗೆಯಲು ಬಂದು ಹನ್ನೆರಡು ದಿನ ಒಂದು ಮನೆಯಲ್ಲಿ ಬೀಡುಬಿಟ್ಟಿತ್ತಲ್ಲ, ಆ ಮನೆಯವಳು ನಾನು. ಮರೆವಿನ ಕಾಯಿಲೆ ಬಂದ ಗಂಡ, ಅವನನ್ನು ನೋಡಿಕೊಳ್ಳುವ ಹೆಂಡತಿ ಎಂದು ನಮ್ಮಿಬ್ಬರ ಕಥೆಯನ್ನೇ ಅವರು ಬರೆದುಕೊಂಡಿದ್ದರು. ನನ್ನ ಪಾತ್ರ ನಿಮ್ಮದು. ನಾನು ಕ್ಯಾಮೆರಾ ಪಕ್ಕದಲ್ಲಿ ಕುಳಿತು ನನ್ನನ್ನೇ ನಿಮಗೆ ಪಾಠ ಹೇಳಿಕೊಟ್ಟೆ. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವುದು ಎಡಗೈಯಲ್ಲಿ, ಯಜಮಾನರನ್ನು ಕರೆಯುವುದು ‘ಇಲ್ ನೋಡಿ’ ಅಂತ, ಸಿಟ್ಟು ಬಂದರೆ ಸೆರಗು ಸೊಂಟಕ್ಕೆ. ಮೂರು ದಿನದಲ್ಲಿ ಎಲ್ಲವನ್ನೂ ಕಲಿತುಬಿಟ್ಟಿರಿ. ನನಗೆ ಅಷ್ಟಾಗಲು ನಲವತ್ತು ವರ್ಷ ಹಿಡಿದಿತ್ತು.

ಅಮರನಾಥ್ ಆ ಸಿನಿಮಾವನ್ನು ಪೆನ್‌ಡ್ರೈವಿನಲ್ಲಿ ಹಾಕಿ ದೀಪಾವಳಿಯ ಹೊತ್ತಿಗೆ ಕಳಿಸಿದರು. ಟಿವಿಗೆ ಸಿಕ್ಕಿಸಿ ನೋಡಿದೆವು. ಚೆನ್ನಾಗಿದೆ. ನಮ್ಮ ಮನೆ ನಮ್ಮ ಮನೆಗಿಂತ ಚೆನ್ನಾಗಿ ಕಾಣುತ್ತದೆ. ಯಜಮಾನರಿಗಂತೂ ಬಹಳ ಹಿಡಿಸಿದೆ, ದಿನಾ ನೋಡುತ್ತಾರೆ.

ಒಂದು ವಿಷಯ ಕೇಳೋಣವೆಂದು ಬರೆದೆ. ಕೊನೆಯ ದಿನ ಅರಿಶಿನ ಕುಂಕುಮ ಇಟ್ಟು, ಮಡಿಲಕ್ಕಿ ಹಾಕಿ ಕೊಟ್ಟೆನಲ್ಲ, ಆ ಅರಿಶಿನ ಬಣ್ಣದ ರೇಷ್ಮೆ ಸೀರೆ, ಚೆನ್ನಾಗಿದೆಯೇ? ನಮ್ಮ ಮೊದಲ ಬೆಳೆಯ ಗೂಡು ಮಾರಿ ಯಜಮಾನರು ತಂದ ಸೀರೆ ಅದು. ವಾಪಸ್ ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮಡಿಲಕ್ಕಿಯ ಜೊತೆ ಕೊಟ್ಟದ್ದನ್ನು ತಿರುಗಿ ಕೇಳಿದರೆ ತಾಳಿಗೆ ಕೇಡು ಎಂದು ನಮ್ಮತ್ತೆ ಹೇಳುತ್ತಿದ್ದರು. ಸುಮ್ಮನೆ ಕೇಳಿದೆ ಅಷ್ಟೆ.

ನನ್ನ ಫೋನು ನೀರಿನ ತೊಟ್ಟಿಗೆ ಬಿದ್ದು ಹಾಳಾಯಿತು. ಅದಕ್ಕೇ ಕಾಗದ. ನೀವೂ ಕಾಗದವನ್ನೇ ಬರೆಯಿರಿ.

ಶಾಮಲಮ್ಮ

*

ಮಾಲೂರು
2 ಫೆಬ್ರವರಿ 2024

ಪ್ರೀತಿಯ ಶಾಮಲಕ್ಕನಿಗೆ,

ನೆನಪಿದೆಯೋ ಎಂದು ಕೇಳುತ್ತೀರಲ್ಲ! ನಿಮ್ಮ ಕಾಗದ ಕೈಗೆ ಬಂದಾಗ ಕುಣಿದಾಡುವುದೊಂದು ಬಾಕಿ. ನನಗೆ ಕಾಗದ ಬರೆಯುವವರು ಯಾರಿದ್ದಾರೆ ಹೇಳಿ?

ಅಕ್ಕ, ನಿಮ್ಮ ಪಾತ್ರದಿಂದ ನಾನು ಮನುಷ್ಯಳಾದೆ. ಹಳ್ಳಿಯ ಗಂಡಸರು ಪೌರಾಣಿಕ ನಾಟಕ ಆಡುವಾಗ ದ್ರೌಪದಿಗೋ ಭಾನುಮತಿಗೋ ನನ್ನನ್ನು ಕರೆಸುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಜನ ದುರ್ಯೋಧನರಿಗೆ ಹೆಂಡತಿಯಾಗಿದ್ದೇನೋ ಲೆಕ್ಕವಿಲ್ಲ. ಬೆಳಗಾದರೆ ಬಸ್ ಸ್ಟ್ಯಾಂಡಿನವರೆಗೂ ಬರುವ ದುರ್ಯೋಧನ ಒಬ್ಬನೂ ಇಲ್ಲ. ಈಗ ಈ ಸಿನಿಮಾ ನೋಡಿದವರು ರಸ್ತೆಯಲ್ಲಿ ನಿಲ್ಲಿಸಿ ಕೈ ಹಿಡಿದುಕೊಳ್ಳುತ್ತಾರೆ. ಕೋಲಾರದಲ್ಲಿ ಪ್ರದರ್ಶನವಾದಾಗ ಆ ಕೊನೆಯ ದೃಶ್ಯಕ್ಕೆ ಇಡೀ ಥಿಯೇಟರೇ ಅತ್ತಿತು. ಎಲ್ಲ ಮರೆತ ಗಂಡ ಹುಳುಮನೆಯಲ್ಲಿ ಅವಳ ಎಡಗೈ ಹಿಡಿದುಕೊಂಡು, ‘ನೀನಿಲ್ದಿದ್ರೆ ಒಂದು ಹುಳಾನೂ ಗೂಡು ಕಟ್ಟಲ್ಲ ಕಣೇ’ ಅನ್ನುತ್ತಾನಲ್ಲ, ಅಲ್ಲಿ. ನನಗೂ ಗ್ಲಿಸರಿನ್ ಬೇಕಾಗಿರಲಿಲ್ಲ.

ಸೀರೆ ಭದ್ರವಾಗಿದೆ. ಸನ್ಮಾನಕ್ಕೆ ಕರೆದರೆ ಅದನ್ನೇ ಉಡುತ್ತೇನೆ. ಅದನ್ನು ಉಟ್ಟರೆ ನನಗೂ ಒಂದು ಮನೆ ಇದ್ದ ಹಾಗೆ ಅನ್ನಿಸುತ್ತದೆ.

ನರಸಿಂಹಪ್ಪನವರು ದಿನಾ ಸಿನಿಮಾ ನೋಡುತ್ತಾರೆಂದು ಓದಿ ಹೊಟ್ಟೆ ತಣ್ಣಗಾಯಿತು. ಶೂಟಿಂಗಿನಲ್ಲಿ ನನಗೆ ‘ಊಟ ಆಯ್ತೇನಮ್ಮ’ ಎಂದು ಕೇಳುತ್ತಿದ್ದವರು ಅವರೊಬ್ಬರೇ. ಅವರ ಆರೋಗ್ಯ ಸುಧಾರಿಸಿದೆ ತಾನೇ? ಸಿನಿಮಾದಲ್ಲಿ ಆದ ಹಾಗೆ ನಿಮಗೂ ಆಗಲಿ ಎಂದು ದೇವರಲ್ಲಿ ಕೇಳಿಕೊಂಡೆ.

ನಿಮ್ಮ ತಂಗಿ,
ಆಶಾರಾಣಿ

*

ರಾಯಲ್ಪಾಡು
7 ಫೆಬ್ರವರಿ 2024

ಆಶಾರಾಣಿ,

ಇನ್ನು ನೀವು ತಾವು ಎಂದು ನನ್ನಿಂದಾಗುವುದಿಲ್ಲ. ತಂಗಿ ಎಂದು ಬರೆದಿದ್ದೀಯ, ತಂಗಿಗೆ ಹೇಳುವ ಹಾಗೆಯೇ ಹೇಳುತ್ತೇನೆ.

ಸಿನಿಮಾದಲ್ಲಿ ಆದ ಹಾಗೆಯೇ ಆಗಿದೆ. ಅವರು ಹೆಂಡತಿಯನ್ನು ಗುರುತು ಹಿಡಿದಿದ್ದಾರೆ. ಅವಳು ನಾನಲ್ಲ, ನೀನು.

ಮೊದಲ ಸಲ ಸಿನಿಮಾ ನೋಡಿದಾಗ ನೀನು ಹುಳುಮನೆಯಿಂದ ಹೊರಗೆ ಬಂದೆಯಲ್ಲ, ಅವರು ಕುರ್ಚಿಯಿಂದ ಎದ್ದು, ‘ಅಗೋ, ನಮ್ಮ ಶಾಮಲ’ ಅಂದರು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ನಕ್ಕೆ. ಆಮೇಲೆ ನಗು ಬರಲಿಲ್ಲ. ಅವರ ಪಾತ್ರ ಮಾಡಿದ ನಟನನ್ನು ಕಂಡರೆ, ‘ಈ ಮುದುಕ ಯಾಕೆ ನಮ್ಮ ಮನೇಲಿದ್ದಾನೆ’ ಎಂದು ಟಿವಿಗೆ ಬೈಯುತ್ತಾರೆ. ನಿನ್ನನ್ನು ಕಂಡರೆ ಮುಖ ಅರಳುತ್ತದೆ. ಮಗಳು ಅನಿತ ಮುಳಬಾಗಿಲಿನಿಂದ ವಾರಕ್ಕೊಮ್ಮೆ ಬರುತ್ತಾಳೆ, ಅವಳ ಗುರುತಿದೆ. ನನ್ನ ಎದುರಿಗೇ ಅವಳನ್ನು, ‘ನಿಮ್ಮಮ್ಮ ಎಲ್ಲಿಗೆ ಹೋದ್ಲೇ?’ ಎಂದು ಕೇಳುತ್ತಾರೆ. ಅವಳು ಪೆನ್‌ಡ್ರೈವ್ ಬಚ್ಚಿಟ್ಟಳು. ಇವರು ಎರಡು ದಿನ ನಿನ್ನನ್ನು ಊರೆಲ್ಲ ಹುಡುಕಿದರು. ಮತ್ತೆ ಹಾಕಿಕೊಡಬೇಕಾಯಿತು.

ಇನ್ನೊಂದು ಕೇಳು. ನಮ್ಮ ಕಡೆ ತೋಟಕ್ಕೆ ಬರುವ ಆಳುಗಳ ಜೊತೆ ತೆಲುಗು, ಮನೆಯಲ್ಲಿ ಕನ್ನಡ. ನಲವತ್ತೊಂದು ವರ್ಷದಲ್ಲಿ ಅವರು ನನ್ನ ಜೊತೆ ತೆಲುಗಿನಲ್ಲಿ ಮಾತಾಡಿದ್ದಿಲ್ಲ. ಈಗ ‘ಎವರಮ್ಮಾ ನುವ್ವು?’ ಅನ್ನುತ್ತಾರೆ. ಯಾರಮ್ಮಾ ನೀನು ಅಂತ. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವರು ತೆಲುಗಿನಲ್ಲಿ ಕೇಳುತ್ತಾರೆ.

ಹುಳುಮನೆಯ ಕಟ್ಟುಪಾಡು ನಿನಗೆ ಗೊತ್ತು. ಹೊರಗಿನವರ ಕಾಲು ಒಳಗೆ ಬಿದ್ದರೆ ಹುಳುವಿಗೆ ರೋಗ. ಈಗ ನಾನು ಹೊರಗಿನವಳು. ಬಾಗಿಲಿಗೆ ಅಡ್ಡ ನಿಂತು ಸೊಪ್ಪಿನ ಮಂಕರಿ ಕಿತ್ತುಕೊಂಡರು. ಹುಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮೊದಲು ತಲೆಯೆತ್ತಿ ಅಲುಗದೆ ಕೂರುತ್ತವೆ, ಆಗ ಸೊಪ್ಪು ಹಾಕಬಾರದು ಎಂದು ನಿನಗೆ ಹೇಳಿಕೊಟ್ಟಿದ್ದೆನಲ್ಲ. ಅವರೇ ನನಗೆ ಕಲಿಸಿದ್ದು. ಒದ್ದೆ ಸೊಪ್ಪನ್ನು ಮೇಲಿಂದ ಮೇಲೆ ಸುರಿದರು. ಇಡೀ ಬೆಳೆ ಕೊಳೆತು ನಾರಿತು. ಹೋಗಲಿ, ಹುಳು ಮತ್ತೆ ತರಬಹುದು.

ಆದರೆ ನನ್ನ ಕೈಯಿಂದ ಊಟ ಮಾಡುತ್ತಿಲ್ಲ, ಆಶಾರಾಣಿ. ಬಾಳೆಹಣ್ಣು, ಅಂಗಡಿಯ ಬನ್ನಿನಲ್ಲೇ ದಿನ ತಳ್ಳುತ್ತಿದ್ದಾರೆ. ‘ನಾನು ನಿಮ್ಮ ಹೆಂಡತಿ’ ಅಂದರೆ ತಟ್ಟೆ ನೂಕುತ್ತಾರೆ. ಮನೆ ಸೇರಿಕೊಂಡ ಕಳ್ಳಿ ವಿಷ ಹಾಕುತ್ತಾಳೆಂದು ಭಯ. ಫೋನು ತಾನಾಗಿ ತೊಟ್ಟಿಗೆ ಬೀಳಲಿಲ್ಲ, ಯಾರಿಗೋ ಗುಟ್ಟು ಹೇಳುತ್ತಿದ್ದೇನೆಂದು ಅವರೇ ಎಸೆದರು. ಮೈಯಲ್ಲಿ ಮೂಳೆ ಎಣಿಸಬಹುದು. ಡಾಕ್ಟರು ಮೂಗಿನಲ್ಲಿ ನಳಿಕೆ ಹಾಕುವ ಮಾತಾಡುತ್ತಾರೆ.

ನೀನು ಬರಬೇಕು. ಆ ಸೀರೆ ಉಟ್ಟು ಬಾ. ಅವರ ಮುಂದೆ ಒಂದು ಗಳಿಗೆ ಕೂತು, ಒಳಕೋಣೆಗೆ ಬಂದು ಸೀರೆಯನ್ನು ನನಗೆ ಕೊಡು. ನಾನು ಉಟ್ಟು ಹೊರಗೆ ಹೋಗುತ್ತೇನೆ. ಒಳಗೆ ಹೋದವಳೇ ಹೊರಗೆ ಬಂದಳು ಎಂದು ನಂಬಬಹುದು. ನಂಬಿದರೆ ಉಣ್ಣುತ್ತಾರೆ. ಸೀರೆ ಮತ್ತೆ ನಿನ್ನದೇ, ತಿರುಗಿ ಕೇಳಿದ ಹಾಗಾಗುವುದಿಲ್ಲ.

ನನ್ನನ್ನು ನಿನಗೆ ಕಲಿಸಿಕೊಟ್ಟವಳು ನಾನೇ. ಕೊಟ್ಟೋಳು ಕೋಡಂಗಿ. ಬರುತ್ತೀಯಾ?

ಶಾಮಲಮ್ಮ

*

ಮಾಲೂರು
11 ಮಾರ್ಚ್ 2024

ಅಕ್ಕ,

ತಿಂಗಳು ಸುಮ್ಮನಿದ್ದದ್ದಕ್ಕೆ ಬೈಯಿರಿ. ನಾಟಕಗಳ ಸೀಸನ್, ಪುರುಸೊತ್ತಿರಲಿಲ್ಲ ಎಂದು ಬರೆಯಲು ಕೂತೆ. ಹರಿದು ಹಾಕಿದೆ. ಪುರುಸೊತ್ತಿತ್ತು. ಹೆದರಿಕೆಯಾಗಿತ್ತು.

ಸ್ಟೇಜಿನ ಮೇಲೆ ನನ್ನನ್ನು ಹೆಂಡತಿ ಎನ್ನುವವನಿಗೆ ಅದು ನಾಟಕವೆಂದು ಗೊತ್ತಿರುತ್ತದೆ. ಇವರಿಗೆ ಗೊತ್ತಿಲ್ಲ. ಸುಳ್ಳು ಹೇಳಿ ಒಬ್ಬರ ಮನೆಯ ಹೊಸಿಲು ದಾಟುವುದು ಹೇಗೆ ಎಂದು ದಿನಾ ಯೋಚಿಸಿದೆ. ಅವರು ಉಣ್ಣುತ್ತಿಲ್ಲ ಎನ್ನುವುದೂ ದಿನಾ ನೆನಪಾಯಿತು.

24ನೇ ತಾರೀಕು ಭಾನುವಾರ ಬರುತ್ತೇನೆ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸಿ ಹನ್ನೊಂದಕ್ಕೆ ನಿಮ್ಮ ಸ್ಟಾಪಿನಲ್ಲಿ ಇಳಿಯುತ್ತೇನೆ. ಅವರಿಗೆ ಇಷ್ಟವಾದ ಅಡುಗೆ ಏನಾದರೂ ಮಾಡಿಡಿ.

ಆಶಾ

*

ಮಾಲೂರು
30 ಮಾರ್ಚ್ 2024

ಅಕ್ಕ,

ಆರು ದಿನವಾಯಿತು. ಊಟ ಮಾಡುತ್ತಿದ್ದಾರಾ? ಅದನ್ನೊಂದು ತಿಳಿಸಿ.

ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ನನ್ನ ಪಕ್ಕ ಕೂತು ಮುದ್ದೆ, ಹುರುಳಿಕಾಳಿನ ಬಸ್ಸಾರು ಎಷ್ಟು ಚೆನ್ನಾಗಿ ತಿನ್ನುತ್ತಿದ್ದರು. ನಾನು ಒಳಗೆ ಬಂದು ಸೀರೆ ಬಿಚ್ಚಿ ನಿಮಗೆ ಉಡಿಸಿದಾಗ, ನೀವು ಕನ್ನಡಿಯ ಮುಂದೆ ಮದುವೆ ಹುಡುಗಿಯ ಹಾಗೆ ಹಣೆಯ ಕುಂಕುಮ ಸರಿಮಾಡಿಕೊಂಡಿರಿ. ಆಮೇಲೆ ನೀವು ಹೊರಗೆ ಹೋದಿರಿ, ಅಲ್ಲಿಂದ ತೆಲುಗಿನಲ್ಲಿ ಆ ಕೂಗು. ‘ನಮ್ಮೋಳ ಸೀರೆ ಕದ್ದು ಉಟ್ಕೊಂಡಿದ್ದೀಯಾ? ಬಿಚ್ಚೇ ಮೊದ್ಲು!’ ಅವರು ನಿಮ್ಮ ಸೆರಗಿಗೆ ಕೈ ಹಾಕಿದಾಗ ಬಿಡಿಸಲು ನಾನು ನಿಮ್ಮ ಹಳೇ ವಾಯಿಲ್ ಸೀರೆಯಲ್ಲೇ ಓಡಿಬಂದೆ. ಆಗಲೂ ಅವರು ನನ್ನನ್ನೇ ನೋಡಿ, ‘ನೋಡು ಶಾಮಲ, ಇವಳನ್ನ’ ಅಂದರು. ಸೀರೆಯ ಗುಣ ಅಲ್ಲವೇ ಅಲ್ಲ, ಅಕ್ಕ. ಏನು ಮಾಡಲಿ.

ನೀವು ಮಡಿಸಿ ಕೊಟ್ಟ ಸೀರೆಯನ್ನು ಬ್ಯಾಗಿಗಿಟ್ಟು ಬಸ್ಸಿಗೆ ಹೊರಟಾಗ ಗೇಟಿನವರೆಗೆ ಬಂದು ಅವರು ಒಂದು ಮಾತು ಹೇಳಿದರು. ನೀವು ಬಾಗಿಲಲ್ಲಿ ದೂರ ನಿಂತಿದ್ದಿರಿ, ಕೇಳಿಸಿರಲಿಕ್ಕಿಲ್ಲ. ‘ಶಾಮಲ ಇಲ್ದಿದ್ರೆ ಈ ಮನೇಲಿ ಒಂದು ಹುಳಾನೂ ಗೂಡು ಕಟ್ಟಲ್ಲ’ ಅಂದರು. ನಿಮ್ಮ ಹೆಸರನ್ನೇ ಹೇಳಿದರು. ಒಳಗೆಲ್ಲೋ ನೀವು ಇದ್ದೀರಿ, ಅಕ್ಕ. ಧೈರ್ಯ ತಂದುಕೊಳ್ಳಿ.

ಆಶಾ

*

ರಾಯಲ್ಪಾಡು
5 ಏಪ್ರಿಲ್ 2024

ಆಶಾರಾಣಿಯವರಿಗೆ,

ನೀವು ಹೋದ ಮೇಲೆ ಅವರು ಎರಡು ದಿನ ಗೇಟು ಬಿಟ್ಟು ಅಲುಗಲಿಲ್ಲ. ‘ಬಸ್ಸು ಬಂತಾ’ ಎಂದು ದಾರಿಹೋಕರನ್ನೆಲ್ಲ ಕೇಳಿದರು. ಬಿಸಿಲಿಗೆ ಬಿದ್ದರು. ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋಗಿ ಗ್ಲೂಕೋಸ್ ಹಾಕಿಸಿ ತಂದೆವು. ಊಟದ ವಿಷಯ ಕೇಳಿದ್ದೀರಿ. ಇಲ್ಲ.

ಕರೆದವಳು ನಾನು, ತಪ್ಪು ನಿಮ್ಮದಲ್ಲ. ಆದರೂ ಸಿಟ್ಟಿದೆ. ನೀವು ಪಕ್ಕದಲ್ಲಿ ಕೂತು ಮುದ್ದೆ ಮುರಿದುಕೊಟ್ಟಿರಲ್ಲ, ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಎಡಗೈಯಲ್ಲೇ ನೀರು ಬಗ್ಗಿಸಿದಿರಿ. ಆಗ ನಿಮ್ಮ ಮುಖದಲ್ಲಿ ಒಂದು ಸುಖವಿತ್ತು. ಅದು ಪಾತ್ರದ್ದಲ್ಲ. ಹೊಟ್ಟೆಕಿಚ್ಚೇ ಅಂದುಕೊಳ್ಳಿ. ಅರವತ್ಮೂರು ವರ್ಷಕ್ಕೆ ಬರಬಾರದ ರೋಗ.

ಈಗ ಆ ಗೇಟಿನ ಮಾತು. ‘ಒಂದು ಹುಳಾನೂ ಗೂಡು ಕಟ್ಟಲ್ಲ’ ಎನ್ನುವುದು ಅಮರನಾಥ್ ನಮ್ಮ ಜಗಲಿಯ ಮೇಲೆ ಕೂತು ಬರೆದ ಡೈಲಾಗು. ಅದನ್ನು ನಾನು ದಿನಕ್ಕೊಂದು ಸಲ ಟಿವಿಯಲ್ಲಿ ಕೇಳುತ್ತೇನೆ. ನಮ್ಮ ಯಜಮಾನರು ಹಾಗೆಲ್ಲ ಮಾತಾಡುವ ಗಂಡಸೇ ಅಲ್ಲ. ಬೆಳೆ ಚೆನ್ನಾಗಿ ಬಂದರೆ, ‘ಪರವಾಗಿಲ್ಲ ಕಣೇ’ ಅನ್ನುತ್ತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಅವರು ಗೇಟಿನಲ್ಲಿ ನಿಮ್ಮ ಕಿವಿಯ ಹತ್ತಿರ ಬಗ್ಗಿ ಬಹಳ ಹೊತ್ತು ಮಾತಾಡಿದರು. ಒಮ್ಮೆ ನನ್ನ ಕಡೆ ಕೈ ತೋರಿಸಿದರು. ನೀವು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿರಿ. ನನ್ನ ಗಂಡ ಹೆಂಡತಿಗೆಂದು ಹೇಳಿದ ಮಾತು ಅದು. ಅದು ನಿಮ್ಮ ಹತ್ತಿರ ಉಳಿದುಬಿಟ್ಟಿದೆ. ಸೀರೆ ಬೇಡ, ಅದನ್ನು ಕೊಡಿ. ಬೈಗುಳವಾದರೂ ಸರಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದಾದರೆ ಬರೆಯಲೇಬೇಡಿ.

ಶಾಮಲಮ್ಮ

*

ಮಾಲೂರು
22 ಮೇ 2024

ಶಾಮಲಕ್ಕ,

ನಿಮ್ಮ ಕಾಗದವನ್ನು ದೇವರ ಗೂಡಿನಲ್ಲಿ ಇಟ್ಟು ಒಂದೂವರೆ ತಿಂಗಳಾಯಿತು. ದೀಪ ಹಚ್ಚುವಾಗೆಲ್ಲ ಕಣ್ಣಿಗೆ ಬೀಳುತ್ತದೆ.

ಸುಳ್ಳು ಬರೆದದ್ದು ನಿಜ. ಬರೆಯುವಾಗ ಬೇರೆ ಮಾತು ಹೊಳೆಯಲಿಲ್ಲ. ಇನ್ನೊಬ್ಬರು ಬರೆದುಕೊಟ್ಟದ್ದನ್ನು ಹೇಳಿ ಹೇಳಿ ನನಗೆ ಸ್ವಂತ ಮಾತೇ ಇಲ್ಲವಾಗಿದೆ. ನೀವು ನನ್ನ ಮುಖದಲ್ಲಿ ನೋಡಿದ ಸುಖವೂ ನಿಜ. ಅವತ್ತು ಅವರು ಅಂದ ಹಾಗೆ, ನನಗೆ ಊಟ ಬಡಿಸಿ ‘ನೀನೂ ತಿನ್ನು’ ಎಂದವರು ಯಾರೂ ಇರಲಿಲ್ಲ. ಅದು ನಿಮಗೆ ಸೇರಬೇಕಾದ ಮಾತು ಎಂದು ಗೊತ್ತಿದ್ದೂ ನಾನು ತಿಂದೆ. ಕ್ಷಮಿಸಿ ಎಂದು ಕೇಳುವ ಮುಖವಿಲ್ಲ.

ಗೇಟಿನಲ್ಲಿ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಮೊದಲು ನನ್ನ ಕೈ ಹಿಡಿದುಕೊಂಡರು. ಸಿಟ್ಟೆಲ್ಲ ಇಳಿದಿತ್ತು.

‘ಶಾಮಲ, ಆಯಮ್ಮನ್ನ ನಾನು ಅಷ್ಟು ಬೈಬಾರ್ದಾಗಿತ್ತು ಕಣೇ. ಪಾಪ, ಒಳ್ಳೇ ಹೆಂಗಸು. ಬೆಳಗ್ಗೆಯಿಂದ ಸಂಜೆವರ್ಗೂ ಗೇಯ್ತಾಳೆ. ನಾನು ಒದ್ರೂ ಹೋಗಲ್ಲ, ಉಗುದ್ರೂ ಹೋಗಲ್ಲ. ಆ ಸೀರೆ ಅವಳಿಗೇ ಕೊಟ್ಬಿಡು, ಆಸೆಪಟ್ಟು ಉಟ್ಕೊಂಡವ್ಳೆ. ನಿಂಗೆ ಇನ್ನೊಂದು ತರ್ತೀನಿ.’

ಆಮೇಲೆ ನಿಮ್ಮ ಕಡೆ ಕೈ ತೋರಿಸಿದರು.

‘ಆದ್ರೆ ಹೊತ್ತು ಮುಳುಗೋ ಹೊತ್ಗೆ ಅವಳ್ನ ಮನೆಗೆ ಕಳಿಸ್ಬಿಡು. ಇಲ್ಲೇ ಇರ್ತಾಳೆ, ಇಲ್ಲೇ ಮಲಗ್ತಾಳೆ. ಅವಳ್ಗೂ ಒಬ್ಬ ಗಂಡ ಇರ್ತಾನೆ ತಾನೇ? ಅವ್ನು ದಾರಿ ನೋಡ್ತಿರ್ತಾನೆ.’

ಇಷ್ಟೇ, ಅಕ್ಕ. ಒಂದಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ. ಇದನ್ನು ನಿಮಗೆ ಹೇಗೆ ಬರೆಯಲಿ ಎಂದು ಆ ಸುಳ್ಳು ಬರೆದಿದ್ದೆ.

ಈ ಕಾಗದದ ಜೊತೆ ಪಾರ್ಸೆಲ್ಲಿನಲ್ಲಿ ಸೀರೆ ಇದೆ. ನೀವು ತಿರುಗಿ ಕೇಳಲಿಲ್ಲ, ನಾನು ತಿರುಗಿ ಕೊಡುತ್ತಲೂ ಇಲ್ಲ. ಅವರು ಕೊಡು ಎಂದಿದ್ದಾರೆ, ಕೊಟ್ಟಿದ್ದೇನೆ. ನಿಮ್ಮತ್ತೆಯವರ ಮಾತಿಗೆ ಭಂಗವಿಲ್ಲ.

ಅಮರನಾಥ್ ಇನ್ನೊಂದು ಸಿನಿಮಾಕ್ಕೆ ಕರೆದಿದ್ದರು. ಒಲ್ಲೆ ಎಂದೆ.

ಆಶಾ

*

ರಾಯಲ್ಪಾಡು
3 ಅಕ್ಟೋಬರ್ 2024

ತಂಗಿ ಆಶಾಗೆ,

ಸೀರೆ ಮೇ ತಿಂಗಳಲ್ಲೇ ಬಂತು. ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ನಿನ್ನ ಕಾಗದ ಓದಿದ ದಿನ ಅತ್ತೆ. ಮಾರನೇ ದಿನವೂ ಅತ್ತೆ. ಮೂರನೇ ದಿನ ಬೆಳಗ್ಗೆ ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತಿಕೊಂಡು ಬಂದು ಮುಂಬಾಗಿಲು ತಟ್ಟಿದೆ. ‘ಕೆಲಸಕ್ಕೆ ಬಂದಿದ್ದೀನಿ ಸ್ವಾಮೀ’ ಎಂದು ತೆಲುಗಿನಲ್ಲಿ ಹೇಳಿದೆ. ಅವರು ಬಾಗಿಲು ತೆರೆದು ತೆಲುಗಿನಲ್ಲೇ, ‘ಈವತ್ತು ತಡವಾಯ್ತಲ್ಲಮ್ಮಾ’ ಅಂದರು. ಮುದ್ದೆ ತಟ್ಟೆ ಮುಂದಿಟ್ಟೆ. ಉಂಡರು.

ನಾನು ನಿಮ್ಮ ಹೆಂಡತಿ ಎನ್ನುವುದನ್ನು ಬಿಟ್ಟ ದಿನದಿಂದ ಉಣ್ಣುತ್ತಿದ್ದಾರೆ. ನಳಿಕೆ ಬೇಡ ಎಂದರು ಡಾಕ್ಟರು. ಮೈಗೆ ಸ್ವಲ್ಪ ಹತ್ತಿದೆ. ಅನಿತ ನೋಡಿ, ‘ಅಪ್ಪ ಹುಷಾರಾಗಿದ್ದಾರೆ, ಏನಮ್ಮ ಮಾಡಿದೆ?’ ಎಂದು ಕೇಳಿದಳು. ಔಷಧಿ ಬದಲಾಯಿಸಿದೆ ಎಂದೆ. ಹುಳು ತರಲಿಲ್ಲ. ಹುಳುಮನೆಗೆ ಬೀಗ ಹಾಕಿದೆ.

ಸಂಜೆ ಐದೂವರೆಗೆ ಊಟ ಬಡಿಸುತ್ತೇನೆ. ಕೈ ತೊಳೆದು ಅವರು ಹೊರಗೆ ನೋಡಿ, ‘ಪೊದ್ದು ಪೋಯಿಂದಿ, ಇಂಟಿಕಿ ಪೋಮ್ಮಾ’ ಅನ್ನುತ್ತಾರೆ. ಹೊತ್ತು ಹೋಯಿತು, ಮನೆಗೆ ಹೋಗಮ್ಮ ಅಂತ. ನಾನು ಒಂದು ವಯರ್ ಬ್ಯಾಗ್ ಹಿಡಿದು ಹೊರಡುತ್ತೇನೆ. ಆಳುಹೆಂಗಸು ಬರಿಗೈಯಲ್ಲಿ ಹೊರಟರೆ ಚೆನ್ನಾಗಿರುವುದಿಲ್ಲವಲ್ಲ. ಬ್ಯಾಗಿನಲ್ಲಿ ಆ ಸೀರೆ ಇಟ್ಟುಕೊಂಡಿದ್ದೇನೆ. ಯಜಮಾನರು ಮನಸ್ಸಾರೆ ಕೊಟ್ಟದ್ದು.

ಹಿತ್ತಲ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಒಳಗೆ ಸಿನಿಮಾ ನಡೆಯುತ್ತಿರುತ್ತದೆ. ಕೊನೆಯಲ್ಲಿ ಆ ಮುದುಕ ನಿನ್ನ ಕೈ ಹಿಡಿದು ಗುರುತು ಹಿಡಿದಾಗ ಇವರು, ‘ಸದ್ಯ, ಈಗಾದ್ರೂ ಬುದ್ಧಿ ಬಂತು ನಿಂಗೆ’ ಅನ್ನುವುದು ಕೇಳಿಸುತ್ತದೆ. ಅವರು ಕುರ್ಚಿಯಲ್ಲೇ ನಿದ್ದೆ ಹೋದ ಮೇಲೆ ಒಳಗೆ ಹೋಗಿ ಹೊದಿಕೆ ಹೊದಿಸುತ್ತೇನೆ.

ಇನ್ನು ಕಾಗದ ಬರೆಯಬೇಡ. ನಿನ್ನ ಮೇಲೆ ಸಿಟ್ಟಿಲ್ಲ. ಹೇಳುವುದು ಮುಗಿಯಿತು, ಅಷ್ಟೆ. ನಿನ್ನೆ ನಡೆದದ್ದೊಂದನ್ನು ಹೇಳಿಬಿಡುತ್ತೇನೆ. ಬ್ಯಾಗ್ ಹಿಡಿದು ಹೊಸಿಲು ದಾಟಿದ್ದೆ. ಅವರು ಬಾಗಿಲು ಹಿಡಿದುಕೊಂಡು, ಎಂದೂ ಕೇಳದವರು, ‘ನಿನ್ನ ಗಂಡ ಒಳ್ಳೆಯವನೇನಮ್ಮಾ?’ ಎಂದು ತೆಲುಗಿನಲ್ಲೇ ಕೇಳಿದರು.

‘ಒಳ್ಳೆಯವರು ಸ್ವಾಮೀ’ ಎಂದೆ.

‘ದಾರಿ ನೋಡ್ತಿರ್ತಾನಾ?’

‘ನೋಡ್ತಿರ್ತಾರೆ.’

‘ಹಾಗಾದ್ರೆ ಬೇಗ ಹೋಗಮ್ಮಾ’ ಎಂದು ಬಾಗಿಲು ಮುಂದೆ ಮಾಡಿ, ಒಳಗಿನಿಂದ ಚಿಲಕ ಹಾಕಿಕೊಂಡರು.

ಶಾಮಲ